ಕಾಫಿಗೂ ಒಂದು ಹೊತ್ತು

ನಮ್ಮ ಕಣಗಲಾ ಚಹಾದ ಊರು. ಹುಕ್ಕೇರಿ ತಾಲ್ಲೂಕಿನ ಈ ಊರಿನಿಂದ ಹೆದ್ದಾರಿ ಹಿಡಿದು ಮುಂದೆ ಹೋದರೆ ನಿಪ್ಪಾಣಿ, ಅದರಾಚೆ ಮಹಾರಾಷ್ಟ್ರ. ಮನೆಗೆ ಬಂದವರಿಗೆ "ಚಾ ಕುಡದ ಹೋಗ್ರಿ" ಅನ್ನುವುದು ಇಲ್ಲಿನ ರೂಢಿ.

ನಮ್ಮ ಮನೆಗೆ ಕಾಫಿ ಬಂದದ್ದು ಸೊಸೆಯ ಜೊತೆ. ಆಕೆ ಚಿಕ್ಕಮಗಳೂರಿನ ಕಡೆಯವಳು. 17ನೇ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದು ಬಿತ್ತಿದರೆಂದು ಪ್ರತೀತಿ ಇರುವ ಗಿರಿ ಅವಳ ಸೀಮೆಯದೇ. ತವರಿನಿಂದ ತಂದ ಹಿತ್ತಾಳೆ ಫಿಲ್ಟರ್ ನೋಡಿ ಮೊದಮೊದಲು ಮೂಗು ಮುರಿದ ನಾನು, ಕ್ರಮೇಣ ದಿನಕ್ಕೆ ನಾಲ್ಕು ಲೋಟಕ್ಕೆ ಏರಿದ್ದೆ. ಊಟವಾದ ಕೂಡಲೇ ಒಂದು ಲೋಟ ಬೇಕೇ ಬೇಕು. ಅದರಲ್ಲಿ ಅರ್ಧ ಮೊಮ್ಮಗಳ ಪಾಲು. ಅಜ್ಜನ ಪ್ರೀತಿ ಅಂತ ನಾನೇ ಬಶಿಗೆ ಸುರುವಿ ಕೊಡುತ್ತಿದ್ದೆ.

ಹೋದ ವರ್ಷ ಅವಳು ಎಂಟನೇ ತರಗತಿ. ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕೂತರೆ ಆಯಾಸ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 10 ಗ್ರಾಂ! ಅವಳ ವಯಸ್ಸಿಗೆ ಕನಿಷ್ಠ 12 ಇರಬೇಕು.

"ಊಟದ ಜೋಡಿ ಏನ ಕುಡಿತೀಯವ್ವಾ?" ಎಂದು ಡಾಕ್ಟರು ಕೇಳಿದರು.

"ಅಜ್ಜನ ಜೋಡಿ ಕಾಫಿ ಕುಡಿತೀನ್ರಿ."

ನಾನು ತಲೆ ತಗ್ಗಿಸಿದೆ.

"ರಕ್ತ ಕಡಿಮಿ ಆಗೂದಕ್ಕ ಕಾಫಿ ಒಂದ ಕಾರಣ ಅಲ್ರಿ ಅಜ್ಜಾರ. ಆದ್ರ ಅದು ಅಡ್ಡಗಾಲ ಹಾಕತೈತಿ" ಎಂದು ಅವರು ಬಿಡಿಸಿ ಹೇಳಿದರು. ರೊಟ್ಟಿ, ಕಾಳು, ಸೊಪ್ಪಿನಲ್ಲಿ ಕಬ್ಬಿಣಾಂಶವಿರುತ್ತದೆ. ಕಾಫಿ, ಚಹಾಗಳಲ್ಲಿರುವ ಒಗರು ಪದಾರ್ಥಗಳು ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಹಾಗಾಗಿ ರಕ್ತಕ್ಕೆ ಸೇರಬೇಕಾದ ಪಾಲು ಪೂರ್ತಿ ಸೇರುವುದಿಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗೂ ಇದೇ ಗತಿ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಹಾ, ಕಾಫಿ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಹೇಳಿದೆ. ಬದಲಿಗೆ ಪಲ್ಯದ ಮೇಲೆ ನಿಂಬೆಹುಳಿ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ.

ಬಂದ ದಾರಿಯಲ್ಲೇ ನನ್ನ ತಪಾಸಣೆಯೂ ಆಯಿತು. "ರಾತ್ರಿ ಎರಡಕ್ಕ ಎಚ್ಚರ ಆದ್ರ ಮತ್ತ ನಿದ್ದಿ ಹತ್ತೂದಿಲ್ರಿ" ಎಂದೆ. ಕಡೆಯ ಕಾಫಿ ಎಷ್ಟು ಗಂಟೆಗೆ ಎಂದರು. ಸಂಜೆ ಆರಕ್ಕೆ.

ಮಕ್ಕಳೇ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನೋಡಿದ್ದೀರಲ್ಲ? ಕಾಫಿಯಲ್ಲಿರುವ ಕೆಫೀನ್ ಮಾಡುವುದು ಅದನ್ನೇ. ನಾವು ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತ ಹೋಗುತ್ತದೆ. ಅದು ತನ್ನ ಸೀಟಿನಲ್ಲಿ ಕೂತರೆ ನಮಗೆ ನಿದ್ದೆಯ ಮಂಪರು. ಕೆಫೀನ್ ಆ ಸೀಟಿಗೆ ಮೊದಲೇ ಟವೆಲ್ ಹಾಕಿಬಿಡುತ್ತದೆ. ದಣಿವು ಹೋಗಿರುವುದಿಲ್ಲ, ಬಾಗಿಲಲ್ಲಿ ನಿಂತಿರುತ್ತದೆ ಅಷ್ಟೇ.

ಈಗ ಒಂದು ಲೆಕ್ಕ ಮಾಡಿ. ದೇಹದಲ್ಲಿನ ಕೆಫೀನ್ ಅರ್ಧವಾಗಲು ದೊಡ್ಡವರಲ್ಲಿ ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ 100 ಮಿಲಿಗ್ರಾಂ ಒಳಗೆ ಹೋದರೆ ರಾತ್ರಿ 11ಕ್ಕೆ ಎಷ್ಟು? 50. ಬೆಳಗಿನ 4ಕ್ಕೂ 25 ಉಳಿದಿರುತ್ತದೆ. ಮೊಮ್ಮಗಳು ಇದನ್ನು ಪಾಟಿಯ ಮೇಲೆ ಬರೆದು ತೋರಿಸಿದಾಗ ನನ್ನ ರಾತ್ರಿಗಳ ಗುಟ್ಟು ತಿಳಿಯಿತು.

ಹಾಗಾದರೆ ಕಾಫಿ ವಿಷವೇ? ಅಲ್ಲ. ಆರೋಗ್ಯವಂತ ದೊಡ್ಡವರು ಮಿತವಾಗಿ ಕುಡಿದರೆ ಕೇಡಿಲ್ಲ. ಹಾಗೆ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ, ಯಕೃತ್ತಿನ ಕಾಯಿಲೆ ಕೊಂಚ ಕಡಿಮೆ ಎಂದು ಹಲವು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿದೆ. ಅದು ಕಾಫಿಯಿಂದಲೇ ಎಂದು ಖಚಿತವಾಗಿ ಹೇಳಲಾಗದು. ಲೋಟಕ್ಕೆ ಎರಡು ಚಮಚ ಸಕ್ಕರೆ ಸುರಿಯುವ ನನ್ನಂಥವನಿಗಂತೂ ಆ ಮಾತು ನೆವವಾಗಬಾರದು.

ಮಿತಿ ಎಂದರೆ ಎಷ್ಟು? 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಷ್ಟೇ ಪುಡಿ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ 300 ದಾಟಬಾರದು ಎಂಬುದು ಪೋಷಣಾ ಸಂಸ್ಥೆಯ ಸಲಹೆ. ನನ್ನ ನಾಲ್ಕು ಲೋಟ ಅದನ್ನು ದಾಟಿತ್ತು. ಗರ್ಭಿಣಿಯರಿಗೆ ಮಿತಿ ಇನ್ನೂ ಕಡಿಮೆ. ರಕ್ತದೊತ್ತಡ, ಎದೆಬಡಿತದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಮಕ್ಕಳಿಗೆ ಕಾಫಿ ಬೇಡ. ಪರೀಕ್ಷೆಯ ರಾತ್ರಿಯೂ ಬೇಡ. ಓದಿದ್ದು ನೆನಪಿನಲ್ಲಿ ಉಳಿಯಲು ನಿದ್ದೆಯೇ ಬೇಕು.

ಉತ್ಸಾಹದಲ್ಲಿ ಮರುದಿನವೇ ಕಾಫಿ ಪೂರ್ತಿ ಬಿಟ್ಟೆ. ಸಂಜೆಗೆ ತಲೆ ಸಿಡಿಯತೊಡಗಿತು! ರೂಢಿಯಾದ ಕೆಫೀನ್ ಒಮ್ಮೆಲೇ ನಿಂತರೆ ಹಾಗಾಗುತ್ತದಂತೆ. ಮತ್ತೆ ವಾರಕ್ಕೊಂದು ಲೋಟದಂತೆ ಇಳಿಸಿದೆ. ಈಗ ಬೆಳಿಗ್ಗೆ ಆರಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು. ಸಂಜೆಗೆ ಜೀರಿಗೆ ಕಷಾಯ.

ನನ್ನ ಒಂದು ಹಳೆಯ ಚಟವನ್ನು ಮಾತ್ರ ಡಾಕ್ಟರು ಮೆಚ್ಚಿದರು. ಬಶಿಗೆ ಸುರುವಿ ಆರಿಸಿ ಕುಡಿಯುವುದು! 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ತಿಳಿಸಿತು. ಸುಡುಸುಡು ಕುಡಿಯುವುದೇ ಗಂಡಸುತನ ಎನ್ನುತ್ತಿದ್ದ ನನ್ನ ಗೆಳೆಯರಿಗೆ ಇದನ್ನು ಹೇಳಿದ್ದೇನೆ.

ಮೂರು ತಿಂಗಳು ಮಾತ್ರೆ, ಮೆಂತೆ ಪಲ್ಯ, ನಿಂಬೆಹುಳಿ ನಡೆದ ಮೇಲೆ ಮೊಮ್ಮಗಳ ಹಿಮೋಗ್ಲೋಬಿನ್ 12 ಮುಟ್ಟಿತು. ನನಗೂ ಬೆಳಗಿನ ತನಕ ನಿದ್ದೆ. ಕಾಫಿ ಡಬ್ಬಿಯ ಮುಚ್ಚಳದ ಮೇಲೆ ಅವಳು ಚೀಟಿ ಅಂಟಿಸಿದ್ದಾಳೆ: 'ಅಜ್ಜಾ, ಗಡಿಯಾರ ನೋಡು.'

ಊಟವಾದ ಮೇಲೆ ನನ್ನ ಕೈ ಈಗಲೂ ಲೋಟ ಹುಡುಕುತ್ತದೆ. ಚೀಟಿ ಓದಿ ಸುಮ್ಮನಾಗುತ್ತೇನೆ.