ಅತಿನೇರಳೆ ಕಿರಣವೂ ವೈದ್ಯೋಪಕರಣಗಳ ಶುದ್ಧಿಯೂ

2020ನೆಯ ಇಸವಿಯ ಮಾರ್ಚಿಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಸೋಂಕು ಹರಡಿತು. ವೈದ್ಯರ ಮುಖಗವಸುಗಳಿಗೆ ಲೋಕದಲ್ಲೆಲ್ಲ ಅಭಾವವುಂಟಾಗಿದ್ದ ಕಾಲವದು. ಬಳಸಿದ ಗವಸನ್ನು ಅತಿನೇರಳೆ ಕಿರಣದಿಂದ ಶುದ್ಧಿಗೊಳಿಸಿ ಮರಳಿ ಬಳಸಬಹುದೆ ಎಂಬ ವಿಚಾರವು ಆಗ ಪ್ರಬಲವಾಯಿತು.

ಬೆಳಕು ಬ್ಯಾಕ್ಟೀರಿಯಗಳನ್ನು ಅಳಿಸುವುದೆಂದು 1877ರಲ್ಲಿಯೇ ಡೌನ್ಸ್ ಮತ್ತು ಬ್ಲಂಟ್ ಎಂಬ ಆಂಗ್ಲ ವಿದ್ವಾಂಸರು ತೋರಿಸಿದ್ದರು. ಆದರೆ ಈ ಕಾರ್ಯಕ್ಕೆ ಅತ್ಯಂತ ಸಮರ್ಥವಾದ, 200ರಿಂದ 280 ನ್ಯಾನೋಮೀಟರ್ ಅಲೆಯುದ್ದದ ಕಿರಣಗಳನ್ನು ವಾಯುಮಂಡಲವು ತಡೆಯುತ್ತದೆ. ಕಪಿಲಾತೀರದ ಬಿಸಿಲು ಎಷ್ಟು ತೀಕ್ಷ್ಣವಾದರೂ ಅದರಲ್ಲಿ ಅವು ದೊರೆಯವು. ಪಾದರಸದ ದೀಪವು 254 ನ್ಯಾನೋಮೀಟರಿನ ಕಿರಣವನ್ನು ಕೊಡುತ್ತದೆ. ಅದು ವೈರಾಣುವಿನ ನ್ಯೂಕ್ಲಿಯಿಕ್ ಆಮ್ಲದ ನೆರೆಯ ಘಟಕಗಳನ್ನು ಒಂದಕ್ಕೊಂದು ಬೆಸೆಯುವುದರಿಂದ ವೈರಾಣುವಿನ ವಂಶವೃದ್ಧಿ ನಿಲ್ಲುತ್ತದೆ.

ಇಲ್ಲಿ ಪ್ರಮಾಣವೇ ಪ್ರಧಾನವು. ಗವಸಿಗೆ ಚದರ ಸೆಂಟಿಮೀಟರೊಂದಕ್ಕೆ ಕನಿಷ್ಠ 1 ಜೂಲ್ ಬೇಕೆಂದು ಸಂಶೋಧಕರು ಹೇಳಿದರು. ಅಷ್ಟೇ ವಿಸ್ತಾರದ ಮೇಲೆ 1 ಮಿಲಿವ್ಯಾಟ್ ಬೀಳುವಂತಿದ್ದರೆ ಇದಕ್ಕೆ 1000 ಸೆಕೆಂಡು ಹಿಡಿಯುವುದು. ಎಲ್ಲ ವೈರಾಣುಗಳೂ ಸಮಾನವಾಗಿ ಮಣಿಯುವುದಿಲ್ಲ. ಅಡೆನೋವೈರಸ್ಸು ಬಹಳ ಗಟ್ಟಿ.

ಕಿರಣವು ನೇರವಾಗಿ ಚಲಿಸುವುದಾದುದರಿಂದ ನೆರಳು, ಮಡಿಕೆ, ರಕ್ತ, ಕಫ ಇವುಗಳ ಮರೆಯಲ್ಲಿರುವುದು ಉಳಿದುಕೊಳ್ಳುತ್ತದೆ. ಆದಕಾರಣ ತೊಳೆಯುವುದೇ ಮೊದಲು, ಕಿರಣವು ಆಮೇಲೆ. ಶಸ್ತ್ರಚಿಕಿತ್ಸೆಯ ಲೋಹದ ಉಪಕರಣಗಳಿಗೆ ಒತ್ತಡದ ಹಬೆಯೇ ತಕ್ಕುದು. ಶಾಖವನ್ನು ತಾಳಲಾರದ, ನಯವಾದ ಮೈಯುಳ್ಳ ಅಲ್ಟ್ರಾಸೌಂಡ್ ಶೋಧಕದಂತಹವುಗಳಿಗೆ ಕಿರಣವು ಉಪಯುಕ್ತವು. ದೀಪವು ಕಣ್ಣು ಚರ್ಮಗಳಿಗೆ ಹಾನಿಕರವಾದುದರಿಂದ ಮುಚ್ಚಿದ ಪೆಟ್ಟಿಗೆಯೊಳಗೇ ಉರಿಯತಕ್ಕದ್ದು.

ನಂಜನಗೂಡು, ತಿರುಮಕೂಡಲು ನರಸೀಪುರಗಳಂತಹ ತಾಲ್ಲೂಕು ಸ್ಥಳಗಳಲ್ಲಿ ಒಂದೇ ಉಪಕರಣವು ಹಲವು ರೋಗಿಗಳಿಗೆ ಒದಗಬೇಕಾಗಬಹುದು. ಅಲ್ಲಿ ದೀಪವು ಉರಿಯಿತೆಂಬುದೊಂದೇ ಶುದ್ಧಿಗೆ ಸಾಕ್ಷಿಯಲ್ಲ. ದೀಪವು ಹಳತಾದಂತೆ ಅದರ ಬಲವು ಕುಗ್ಗುವುದರಿಂದ, ಬಿದ್ದ ಕಿರಣವನ್ನು ಅಳೆದು ನೋಡಿದಾಗಲೇ ಶುದ್ಧಿಯು ನಿಶ್ಚಯವಾಗುವುದು.