ಒಂದು ಜೀವಕೋಶದ ಗುರುತು ಹಿಡಿದ ಡೊರೊಥಿ ರೀಡ್

ಕುತ್ತಿಗೆಯ ಪಕ್ಕದಲ್ಲಿ ಗಂಟೊಂದು ಕಾಣಿಸಿಕೊಳ್ಳುತ್ತದೆ. ನೋವಿಲ್ಲ. ವಾರಗಳು ಕಳೆದರೂ ಇಳಿಯುವುದಿಲ್ಲ. ಆಗಾಗ ಜ್ವರ, ರಾತ್ರಿ ಮೈಯೆಲ್ಲ ಬೆವರು, ದಿನದಿಂದ ದಿನಕ್ಕೆ ಇಳಿಯುವ ತೂಕ. ಇದು ಕ್ಷಯವೇ ಅಥವಾ ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾವೇ? ಹೊರಗಿನಿಂದ ನೋಡಿ ಹೇಳುವುದು ನುರಿತ ವೈದ್ಯರಿಗೂ ಕಷ್ಟ. ಗಂಟಿನ ತುಣುಕನ್ನು ತೆಗೆದು, ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪೆಥಾಲಜಿ ತಜ್ಞರೇ ಇದನ್ನು ತೀರ್ಮಾನಿಸಬೇಕು.

ಹಾಗೆ ಪರೀಕ್ಷಿಸುವಾಗ ಅವರು ಹುಡುಕುವ ವಿಚಿತ್ರ ಜೀವಕೋಶವೊಂದಿದೆ. ಸುತ್ತಲಿನ ಕೋಶಗಳಿಗಿಂತ ಹಲವು ಪಟ್ಟು ದೊಡ್ಡದು. ಒಳಗೆ ಸಾಮಾನ್ಯವಾಗಿ ಎರಡು ಕೋಶಕೇಂದ್ರಗಳು. ಪ್ರತಿಯೊಂದರ ನಡುವೆ ಒಂದು ದಪ್ಪ ಚುಕ್ಕೆ. ನೋಡಿದವರಿಗೆ ಗೂಬೆಯ ಎರಡು ಕಣ್ಣುಗಳು ದಿಟ್ಟಿಸಿದಂತೆ ಭಾಸವಾಗುತ್ತದೆ. ಇದು ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿನ ಗುರುತು. ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಓದುವ ಇದರ ಹೆಸರು ರೀಡ್–ಸ್ಟರ್ನ್‌ಬರ್ಗ್ ಕೋಶ. ಈ ಹೆಸರಿನಲ್ಲಿರುವ ರೀಡ್ ಒಬ್ಬ ಮಹಿಳೆ ಎಂಬುದು ಅನೇಕರಿಗೆ ತಿಳಿಯದು. ಈ ಕೆಲಸ ಮುಗಿಸಿದಾಗ ಡೊರೊಥಿ ರೀಡ್ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಹಾಜ್‌ಕಿನ್ ಕಂಡ ರೋಗ

ಈ ರೋಗದ ಕಥೆ ಆರಂಭವಾಗುವುದು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ. ಅಲ್ಲಿನ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಥಾಮಸ್ ಹಾಜ್‌ಕಿನ್ ಎಂಬ ವೈದ್ಯ 1832ರಲ್ಲಿ ಏಳು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಎಲ್ಲರಲ್ಲೂ ದುಗ್ಧಗ್ರಂಥಿಗಳು ಊದಿಕೊಂಡಿದ್ದವು. ಹಲವರಲ್ಲಿ ಗುಲ್ಮವೂ ದೊಡ್ಡದಾಗಿತ್ತು. ಹಾಜ್‌ಕಿನ್ ಇದನ್ನೆಲ್ಲ ಕಂಡದ್ದು ಬರಿಗಣ್ಣಿನಿಂದ. ಪ್ರಬಂಧವನ್ನು ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಮೂವತ್ತಮೂರು ವರ್ಷಗಳ ನಂತರ, 1865ರಲ್ಲಿ, ಅದೇ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಈ ಕಾಯಿಲೆಯನ್ನು ಹಾಜ್‌ಕಿನ್ ರೋಗವೆಂದು ಕರೆದರು.

ಹೆಸರೇನೋ ಬಂತು. ಆದರೆ ರೋಗವೆಂದರೆ ಏನೆಂಬುದು ಇತ್ಯರ್ಥವಾಗಲಿಲ್ಲ. ಗ್ರಂಥಿ ಊದಿಕೊಳ್ಳಲು ನೂರು ಕಾರಣಗಳಿರುತ್ತವೆ. ಆ ಕಾಲದಲ್ಲಿ ಯೂರೋಪ್, ಅಮೆರಿಕಗಳಲ್ಲಿ ಕ್ಷಯ ಮನೆಮನೆಯ ರೋಗವಾಗಿತ್ತು. ಹಾಜ್‌ಕಿನ್ ರೋಗದಿಂದ ಸತ್ತವರ ದೇಹದಲ್ಲಿ ಎಷ್ಟೋ ಸಲ ಕ್ಷಯವೂ ಕಾಣಿಸುತ್ತಿತ್ತು. ಹೀಗಾಗಿ ಇದು ಕ್ಷಯದ್ದೇ ಇನ್ನೊಂದು ರೂಪವೆಂದು ಹಲವರು ನಂಬಿದ್ದರು. ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ 1898ರಲ್ಲಿ ದೊಡ್ಡ ಕೋಶಗಳನ್ನು ಚೆನ್ನಾಗಿಯೇ ವರ್ಣಿಸಿದರು. ಆದರೆ ಅವರೂ ರೋಗವನ್ನು ಕ್ಷಯದ ವಿಶೇಷ ಬಗೆ ಎಂದೇ ಭಾವಿಸಿದರು.

ಹೆಣ್ಣುಮಕ್ಕಳಿಗೆ ತೆರೆದ ಕಾಲೇಜು

ಡೊರೊಥಿ ರೀಡ್ ಹುಟ್ಟಿದ್ದು 1874ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಆಕೆ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಸ್ಮಿತ್ ಎಂಬ ಮಹಿಳಾ ಕಾಲೇಜಿನಲ್ಲಿ 1895ರಲ್ಲಿ ಪದವಿ ಪಡೆದರು. ಜೀವಶಾಸ್ತ್ರದ ಪಾಠಗಳು ಅವರನ್ನು ವೈದ್ಯಕೀಯದ ಕಡೆಗೆ ಸೆಳೆದವು. ವೈದ್ಯಕೀಯ ಕಾಲೇಜಿಗೆ ಬೇಕಾದಷ್ಟು ವಿಜ್ಞಾನ ಓದಿರಲಿಲ್ಲವಾದ್ದರಿಂದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಹೋಗಿ ಆ ಕೊರತೆಯನ್ನು ತುಂಬಿಕೊಂಡರು.

1896ರಲ್ಲಿ ಆಕೆ ಸೇರಿದ್ದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯನ್ನು. 1893ರಲ್ಲಿ ಆರಂಭವಾದ ಈ ಶಾಲೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದರ ಹಿಂದೆಯೂ ಒಂದು ಕಥೆಯಿದೆ. ಶಾಲೆ ತೆರೆಯಲು ಹಣ ಸಾಲದೇ ಹೋದಾಗ ಮೇರಿ ಗ್ಯಾರೆಟ್ ಮತ್ತು ಅವರ ಗೆಳತಿಯರು ನಿಧಿ ಕೂಡಿಸಲು ಮುಂದೆ ಬಂದರು. ಗ್ಯಾರೆಟ್ ಒಬ್ಬರೇ 3 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. ಅವರ ಷರತ್ತುಗಳಲ್ಲಿ ಒಂದು: ಗಂಡಸರಿಗೆ ಇರುವ ನಿಯಮಗಳೇ ಹೆಂಗಸರಿಗೂ ಇರಬೇಕು, ಅವರನ್ನೂ ಸೇರಿಸಿಕೊಳ್ಳಬೇಕು.

1900ರಲ್ಲಿ ಎಂ.ಡಿ. ಪದವಿ ಪಡೆದ ರೀಡ್ ಮತ್ತು ಸಹಪಾಠಿ ಫ್ಲಾರೆನ್ಸ್ ಸೇಬಿನ್ ಇಬ್ಬರೂ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಇಂಟರ್ನಿಗಳಾಗಿ ಆಯ್ಕೆಯಾದರು. ರೀಡ್ ಕೆಲಸ ಮಾಡಿದ್ದು ಹೆಸರಾಂತ ವೈದ್ಯ ವಿಲಿಯಂ ಆಸ್ಲರ್ ಅವರ ಕೈಕೆಳಗೆ. ಮರುವರ್ಷ ಪೆಥಾಲಜಿಯ ದಿಗ್ಗಜ ವಿಲಿಯಂ ವೆಲ್ಚ್ ಅವರ ವಿಭಾಗದಲ್ಲಿ ಫೆಲೋಷಿಪ್ ಸಿಕ್ಕಿತು. ಅಲ್ಲಿ ಅವರು ಕೈಗೆತ್ತಿಕೊಂಡ ಸಂಶೋಧನೆಯೇ ಹಾಜ್‌ಕಿನ್ ರೋಗ.

ಇದು ಕ್ಷಯವಲ್ಲ!

ರೀಡ್ ಅವರ ಮುಂದಿದ್ದುದು ಎಂಟು ರೋಗಿಗಳ ಅಂಗಾಂಶ. ಅವರು ಒಂದೊಂದನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದರು. ದೈತ್ಯಕೋಶಗಳ ಗಾತ್ರ, ಆಕಾರ, ಕೋಶಕೇಂದ್ರ, ಅದರೊಳಗಿನ ಚುಕ್ಕೆ ಎಲ್ಲವನ್ನೂ ವಿವರವಾಗಿ ಬರೆದರು. ಚಿತ್ರಗಳನ್ನೂ ತಾವೇ ಬಿಡಿಸಿದರು. ಆ ಚಿತ್ರಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ, ಮುಂದೆ ಬಂದವರಿಗೆ ಗೊಂದಲಕ್ಕೆ ಎಡೆಯೇ ಉಳಿಯಲಿಲ್ಲ.

ನೋಡುವುದಷ್ಟೇ ಸಾಲದೆಂದು ಅವರಿಗೆ ಗೊತ್ತಿತ್ತು. ಇದು ಕ್ಷಯವಾಗಿದ್ದರೆ ಗ್ರಂಥಿಯಲ್ಲಿ ಕ್ಷಯದ ರೋಗಾಣು ಇರಬೇಕು. ಅದನ್ನು ಪ್ರಾಣಿಗೆ ಚುಚ್ಚಿದರೆ ಪ್ರಾಣಿಗೂ ಕ್ಷಯ ಬರಬೇಕು. ರೋಗಿಗಳ ಗ್ರಂಥಿಯ ಅಂಶವನ್ನು ಪ್ರಯೋಗದ ಪ್ರಾಣಿಗಳಿಗೆ ಚುಚ್ಚಿ ನೋಡಿದರು. ಕ್ಷಯ ಬರಲಿಲ್ಲ. ಎರಡೂ ರೋಗಗಳು ಒಬ್ಬರಲ್ಲೇ ಇರಬಹುದು. ಆದರೆ ಒಂದು ಇನ್ನೊಂದರ ರೂಪವಲ್ಲ. 1902ರಲ್ಲಿ ಹಾಪ್ಕಿನ್ಸ್ ಆಸ್ಪತ್ರೆಯ ವರದಿಗಳಲ್ಲಿ ಪ್ರಕಟವಾದ ಅವರ ಪ್ರಬಂಧದ ಮುಖ್ಯ ತೀರ್ಮಾನ ಇದೇ.

ಆ ಕೋಶವನ್ನು ಮೊಟ್ಟಮೊದಲು ಕಂಡವರು ರೀಡ್ ಅಲ್ಲ. ಸ್ಟರ್ನ್‌ಬರ್ಗ್ ಅವರಿಗಿಂತ ಮುಂಚೆ, 1878ರಲ್ಲಿ, ಇಂಗ್ಲೆಂಡಿನ ಗ್ರೀನ್‌ಫೀಲ್ಡ್ ಕೂಡ ಅಂಥ ಕೋಶಗಳನ್ನು ಚಿತ್ರಿಸಿದ್ದರು. ಇತರರು ಕಂಡದ್ದರ ಅರ್ಥವನ್ನು ಪುರಾವೆ ಸಮೇತ ಬಿಡಿಸಿ ಹೇಳಿದ್ದು ರೀಡ್ ಅವರ ಹೆಗ್ಗಳಿಕೆ.

ಮೇಲಿನ ಮೆಟ್ಟಿಲು ಇಲ್ಲ

ಇಂಥ ಪ್ರಬಂಧ ಬರೆದವರಿಗೆ ಮುಂದೇನು? ಇನ್ನೂ ಒಂದು ವರ್ಷ ಫೆಲೋಷಿಪ್ ಮುಂದುವರಿಸಲು ವೆಲ್ಚ್ ಸಿದ್ಧರಿದ್ದರು. ಆನಂತರ ಬಡ್ತಿ ಸಿಗಬಹುದೇ, ಅಧ್ಯಾಪಕಿಯಾಗಬಹುದೇ ಎಂದು ರೀಡ್ ನೇರವಾಗಿ ಕೇಳಿದರು. ಶಾಲೆಯಲ್ಲಿ ಹೆಂಗಸರು ಅಧ್ಯಾಪಕ ಹುದ್ದೆಯಲ್ಲಿ ಇದ್ದದ್ದೇ ಇಲ್ಲ, ಅದಕ್ಕೆ ವಿರೋಧ ಬಹಳವಿದೆ ಎಂಬ ಉತ್ತರ ಬಂತು. ಭವಿಷ್ಯವಿಲ್ಲದ ಜಾಗದಲ್ಲಿ ಉಳಿಯಲು ರೀಡ್ ಒಪ್ಪಲಿಲ್ಲ. 1902ರಲ್ಲಿ ಬಾಲ್ಟಿಮೋರ್ ಬಿಟ್ಟು ನ್ಯೂಯಾರ್ಕಿನ ಆಸ್ಪತ್ರೆಗಳಿಗೆ ಹೊರಟರು. ಲಿಂಫೋಮಾ ಕುರಿತ ಅವರ ಸಂಶೋಧನೆ ಅಲ್ಲಿಗೇ ನಿಂತಿತು.

ಸೇಬಿನ್ ಮಾತ್ರ ಅಂಗರಚನಾ ವಿಭಾಗದಲ್ಲಿ ಉಳಿದು, ಭ್ರೂಣದಲ್ಲಿ ದುಗ್ಧನಾಳಗಳು ಹೇಗೆ ಬೆಳೆಯುತ್ತವೆಂಬುದನ್ನು ಕಂಡುಹಿಡಿದು ಹೆಸರು ಮಾಡಿದರು. 1917ರಲ್ಲಿ ಅವರು ಹಾಪ್ಕಿನ್ಸ್‌ನ ಮೊದಲ ಮಹಿಳಾ ಪ್ರೊಫೆಸರ್ ಆದರು. ಹದಿನೈದು ವರ್ಷ ಮೊದಲು ರೀಡ್ ಅವರಿಗೆ ಇಲ್ಲವೆಂದದ್ದು ಸಾಧ್ಯವಿಲ್ಲದ ಮಾತೇನೂ ಆಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ದಾರಿ

1906ರಲ್ಲಿ ಭೌತವಿಜ್ಞಾನಿ ಚಾರ್ಲ್ಸ್ ಮೆಂಡೆನ್‌ಹಾಲ್ ಅವರನ್ನು ಮದುವೆಯಾಗಿ ರೀಡ್ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಹೋದರು. ಅಲ್ಲಿ ದುಃಖದ ಮೇಲೆ ದುಃಖ ಎದುರಾಯಿತು. ಮೊದಲ ಮಗು ಹೆರಿಗೆಯ ಸಮಯದಲ್ಲೇ ಹೋಯಿತು. ಇನ್ನೊಂದು ಮಗು ಎತ್ತರದಿಂದ ಬಿದ್ದು ತೀರಿಕೊಂಡಿತು. ಕೆಲವು ವರ್ಷಗಳ ನಂತರ ಆಕೆ ಮತ್ತೆ ಕೆಲಸಕ್ಕೆ ತೊಡಗಿದಾಗ ಆರಿಸಿಕೊಂಡದ್ದು ತಾಯಿ ಮತ್ತು ಶಿಶುವಿನ ಆರೋಗ್ಯವನ್ನು. ಹಳ್ಳಿಹಳ್ಳಿಗೆ ಹೋಗಿ ತಾಯಂದಿರಿಗೆ ಪಾಠ ಹೇಳಿದರು. 1915ರಲ್ಲಿ ಮ್ಯಾಡಿಸನ್‌ನ ಮೊದಲ ಶಿಶು ಆರೋಗ್ಯ ಕೇಂದ್ರವನ್ನು ಆರಂಭಿಸಿದರು. ಸರ್ಕಾರದ ಮಕ್ಕಳ ಇಲಾಖೆಗಾಗಿ ಕೆಲಸ ಮಾಡಿ, ಡೆನ್ಮಾರ್ಕಿನ ಸೂಲಗಿತ್ತಿಯರ ವ್ಯವಸ್ಥೆಯನ್ನು ಅಧ್ಯಯನ ಮಾಡಿ ವರದಿ ಬರೆದರು. 1937ರಲ್ಲಿ, ಅಮೆರಿಕದಲ್ಲೇ ಅತಿ ಕಡಿಮೆ ಶಿಶುಮರಣದ ನಗರವೆಂಬ ಮನ್ನಣೆ ಮ್ಯಾಡಿಸನ್‌ಗೆ ದೊರೆಯಿತು. 1964ರಲ್ಲಿ, 89ನೇ ವಯಸ್ಸಿನಲ್ಲಿ ಅವರು ನಿಧನರಾದರು. ಸ್ಮಿತ್ ಕಾಲೇಜಿನ ವಿಜ್ಞಾನ ಕಟ್ಟಡವೊಂದಕ್ಕೆ ಸೇಬಿನ್ ಮತ್ತು ರೀಡ್ ಇಬ್ಬರ ಹೆಸರನ್ನೂ ಇಡಲಾಗಿದೆ.

ಮುಂದುವರಿದ ಸಂಶೋಧನೆ

ರೀಡ್ ಬಿಟ್ಟುಹೋದ ಪ್ರಶ್ನೆಯೊಂದು ಬಹುಕಾಲ ಉಳಿದುಕೊಂಡಿತು. ಈ ದೈತ್ಯಕೋಶ ಹುಟ್ಟುವುದು ಯಾವುದರಿಂದ? ಉತ್ತರ ಸುಲಭವಿರಲಿಲ್ಲ. ಏಕೆಂದರೆ ಗಂಟಿನಲ್ಲಿ ಈ ಕೋಶಗಳು ತೀರ ಕಡಿಮೆ; ಎಷ್ಟೋ ಸಲ ನೂರಕ್ಕೆ ಒಂದರಷ್ಟು. ಉಳಿದವೆಲ್ಲ ಸುತ್ತ ನೆರೆದ ಸಾಮಾನ್ಯ ಕೋಶಗಳು. 1994ರಲ್ಲಿ ಜರ್ಮನಿಯ ರಾಲ್ಫ್ ಕ್ಯೂಪರ್ಸ್, ಕ್ಲಾಸ್ ರಾಯೆವ್‌ಸ್ಕಿ ಮತ್ತು ಸಂಗಡಿಗರು ದೈತ್ಯಕೋಶಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದು ಅವುಗಳ ಜೀನ್‌ಗಳನ್ನು ಪರೀಕ್ಷಿಸಿದರು. ಅವು ಹುಟ್ಟುವುದು ಪ್ರತಿಕಾಯ ತಯಾರಿಸುವ ಬಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ ಎಂದು ತಿಳಿದುಬಂತು. ಈ ಕೋಶದ ಮೈಮೇಲಿರುವ ಸಿಡಿ30 ಎಂಬ ಪ್ರೋಟೀನನ್ನೇ ಗುರಿಯಾಗಿಸಿಕೊಂಡ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರೀಡ್ ಕಾಲದಲ್ಲಿ ಸಾವೇ ಗತಿಯಾಗಿದ್ದ ಈ ರೋಗ ಇಂದು ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ಬಹುಪಾಲು ಮಂದಿಯಲ್ಲಿ ಗುಣವಾಗುತ್ತದೆ.

ರೋಗ ಪತ್ತೆಗೆ ಇಂದು ದೈತ್ಯಕೋಶವೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಸುತ್ತಲಿನ ಕೋಶಗಳನ್ನೂ ವಿಶೇಷ ಬಣ್ಣಗಳ ಪರೀಕ್ಷೆಯನ್ನೂ ಸೇರಿಸಿ ತೀರ್ಮಾನಿಸುತ್ತಾರೆ. ಕ್ಷಯ ಇನ್ನೂ ಹೆಚ್ಚಿರುವ ನಮ್ಮ ದೇಶದಲ್ಲಿ ರೀಡ್ ಎತ್ತಿದ ಪ್ರಶ್ನೆ ಹಳತಾಗಿಲ್ಲ. ಗಂಟು ಕಂಡೊಡನೆ ಕ್ಷಯವೆಂದುಕೊಂಡು, ತುಣುಕು ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಔಷಧಿ ನುಂಗಿ, ಕ್ಯಾನ್ಸರ್ ಬಲಿತ ಮೇಲೆ ದೊಡ್ಡಾಸ್ಪತ್ರೆಗೆ ಬರುವವರಿದ್ದಾರೆ.

ವೈದ್ಯಕೀಯ ಎಂದೊಡನೆ ಸ್ಟೆತೊಸ್ಕೋಪು, ಶಸ್ತ್ರಚಿಕಿತ್ಸೆಗಳನ್ನೇ ನೆನೆಯುವ ವಿದ್ಯಾರ್ಥಿಗಳು ಎಂ.ಬಿ.ಬಿ.ಎಸ್. ನಂತರ ಪೆಥಾಲಜಿಯನ್ನೂ ಯೋಚಿಸಬಹುದು. ಅಲ್ಲಿ ರೋಗಿಯ ಮುಖ ಕಾಣುವುದು ಅಪರೂಪ. ಆದರೆ ರೋಗಿಗೆ ಯಾವ ಚಿಕಿತ್ಸೆ ಎಂಬುದು ನಿರ್ಧಾರವಾಗುವುದು ಅಲ್ಲಿಯೇ. ಆ ಕೆಲಸಕ್ಕೆ ಬೇಕಾದದ್ದು ತಾಳ್ಮೆ, ತೀಕ್ಷ್ಣ ನೋಟ ಮತ್ತು ಎಲ್ಲರೂ ಒಪ್ಪಿದ್ದನ್ನು ಮತ್ತೊಮ್ಮೆ ಪರೀಕ್ಷಿಸುವ ಧೈರ್ಯ. ಮಗಳನ್ನು ಕಾಲೇಜಿಗೆ ಸೇರಿಸಿದರೆ ಹೊಣೆ ಮುಗಿಯಿತೆಂದು ತಿಳಿಯುವ ತಂದೆತಾಯಿಗಳಿಗೂ ಸಂಸ್ಥೆಗಳಿಗೂ ರೀಡ್ ಬದುಕಿನಲ್ಲಿ ಪಾಠವಿದೆ. ಆಕೆಗೆ ಓದಲು ಅವಕಾಶ ಸಿಕ್ಕಿತ್ತು, ಸಂಶೋಧನೆಗೂ ಸಿಕ್ಕಿತ್ತು. ಸಿಗದೇ ಹೋದದ್ದು ಅದನ್ನು ಮುಂದುವರಿಸಲು ಬೇಕಾದ ಒಂದು ಹುದ್ದೆ ಮಾತ್ರ.