ಉಪವಾಸದ ಬಾಣಲೆಯಲ್ಲಿ ಮರಗೆಣಸು

ಮಂಗಳೂರಿನ ಮನೆಗಳಲ್ಲಿ ವ್ರತದ ದಿನ ಒಲೆ ಆರಿರುವುದು ಅಪರೂಪ. ಏಕಾದಶಿಗೆ ತೀರ್ಥ ಬಿಟ್ಟು ಬೇರೇನೂ ಮುಟ್ಟದ ಹಿರಿಯರು ಇಲ್ಲದಿಲ್ಲ. ಉಡುಪಿಯ ಕೃಷ್ಣಮಠದಲ್ಲೂ ಆ ದಿನ ಅನ್ನಪ್ರಸಾದ ಇರುವುದಿಲ್ಲ. ಆದರೆ ಬೆಳಗ್ಗೆ ಎದ್ದು ಬಸ್ಸು ಹಿಡಿದು ಕೆಲಸಕ್ಕೆ ಓಡಬೇಕಾದವರ ಉಪವಾಸ ಬೇರೆ. ಕುಚ್ಚಲಕ್ಕಿ ಅನ್ನ ಇಲ್ಲ, ಬೇಳೆಯ ಸಾರಿಲ್ಲ, ನೀರುಳ್ಳಿ-ಬೆಳ್ಳುಳ್ಳಿ ಇಲ್ಲ, ಮಿಕ್ಕದ್ದೆಲ್ಲ ಫಲಾಹಾರ. ಶನಿವಾರದ ಒಪ್ಪೊತ್ತಿಗೆ ಸಜ್ಜಿಗೆ-ಅವಲಕ್ಕಿ ಸಾಕು (ಅವಲಕ್ಕಿಯೂ ಅಕ್ಕಿಯೇ ಅಲ್ಲವೇ ಎಂದು ಯಾರೂ ಕೇಳುವುದಿಲ್ಲ). ಧಾನ್ಯದ ಸುದ್ದಿಯೇ ಬೇಡ ಎನ್ನುವ ಏಕಾದಶಿ, ಶಿವರಾತ್ರಿಗಳಲ್ಲಿ ನೆರವಿಗೆ ಬರುವುದು ಗೆಡ್ಡೆ-ಗೆಣಸು. ಅವುಗಳಲ್ಲಿ ಹೊಟ್ಟೆ ತುಂಬಿಸುವುದರಲ್ಲಿ ಮರಗೆಣಸಿನ ಪಲ್ಯವನ್ನು ಮೀರಿಸಿದ್ದಿಲ್ಲ.

ಇದಕ್ಕೆ ಶಾಸ್ತ್ರದ ಒಪ್ಪಿಗೆ ಹುಡುಕಿದರೆ ಸಿಗದು. ಮರಗೆಣಸು ದಕ್ಷಿಣ ಅಮೆರಿಕದ ಗಿಡ. 17ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಮಲಬಾರಿಗೆ ಬಂತೆನ್ನುತ್ತಾರೆ. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ರಾಮವರ್ಮ ಮಹಾರಾಜರು ಬರಗಾಲಕ್ಕಾಗುವ ಬೆಳೆಯೆಂದು ಅದನ್ನು ಪ್ರಚಾರ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಕೇರಳದ ಬಡವರ ಹೊಟ್ಟೆ ಕಾದದ್ದೂ ಇದೇ. ಮುಂದೆ ತಿರುವಾಂಕೂರಿನ ಕಡೆಯಿಂದ ಬಂದು ಬೆಳ್ತಂಗಡಿ, ಸುಳ್ಯದ ಗುಡ್ಡಗಳಲ್ಲಿ ನೆಲೆ ನಿಂತ ಕ್ರೈಸ್ತ ಕೃಷಿಕರು ರಬ್ಬರಿನ ಜತೆಗೆ ಇದನ್ನೂ ಬೆಳೆದರು. ಅವರ ಮನೆಯಲ್ಲಿ ಅದು ಮೀನು ಸಾರಿನ ಜೋಡಿ. ಅದೇ ಗೆಣಸು ಮಂಗಳೂರಿನ ರಥಬೀದಿಯ ಆಸುಪಾಸಿನ ಮನೆಗಳಲ್ಲಿ ಏಕಾದಶಿಯ ತಟ್ಟೆಗೂ ಸಲ್ಲುತ್ತದೆ. ಧಾನ್ಯವಲ್ಲ, ಬೇಳೆಯಲ್ಲ ಎಂಬುದೇ ಇಲ್ಲಿ ಅದರ ಅರ್ಹತೆ. ಚಾತುರ್ಮಾಸ್ಯ ಹಿಡಿದ ಮಾಧ್ವ ಮನೆಗಳು ಮೆಣಸಿನಕಾಯಿಯನ್ನು ದೂರವಿಟ್ಟು ಒಳ್ಳೆಮೆಣಸಿಗೆ ಮರಳುವುದುಂಟು. ಮೆಣಸಿನಕಾಯಿಯೂ ಅದೇ ಅಮೆರಿಕದಿಂದ ಬಂದದ್ದಲ್ಲವೇ? ಒಂದಕ್ಕೆ ತಡೆ, ಇನ್ನೊಂದಕ್ಕೆ ದಾರಿ. ಅಡುಗೆಮನೆಯ ಶಾಸ್ತ್ರ ಇರುವುದೇ ಹೀಗೆ. ನನಗೆ ಅದರಲ್ಲಿ ಆಕ್ಷೇಪವಿಲ್ಲ.

ಪಲ್ಯದ ಅರ್ಧ ಯೋಗ್ಯತೆ ಅಂಗಡಿಯಲ್ಲೇ ತೀರ್ಮಾನವಾಗುತ್ತದೆ. ಕಿತ್ತ ಎರಡು ಮೂರು ದಿನಕ್ಕೇ ಮರಗೆಣಸಿನ ತಿರುಳಿನಲ್ಲಿ ನೀಲಿಗಪ್ಪು ಗೆರೆಗಳು ಏಳುತ್ತವೆ. ಅಂಥದ್ದು ಎಷ್ಟು ಬೇಯಿಸಿದರೂ ರುಚಿಯಿಲ್ಲ. ತುದಿ ಮುರಿದು ತೋರಿಸಲು ಒಪ್ಪದ ವ್ಯಾಪಾರಿಯಿಂದ ಕೊಳ್ಳದಿರುವುದು ಲೇಸು. ಟಕ್ಕೆಂದು ಮುರಿಯಬೇಕು, ಒಳಗೆ ಬೆಳ್ಳಗಿರಬೇಕು. ಮಣ್ಣು ಮೆತ್ತಿದ್ದರೆ ಒಳ್ಳೆಯದೇ, ಮೊನ್ನೆಯೋ ನಿನ್ನೆಯೋ ಕಿತ್ತದ್ದಿರಬಹುದು.

ಸಿಪ್ಪೆ ಎರಡು ಪದರ. ಮೇಲಿನ ಕಂದು ಸಿಪ್ಪೆಯ ಕೆಳಗೆ ನಸುಗೆಂಪಿನ ದಪ್ಪ ಪದರವಿದೆ. ಕತ್ತಿಯ ತುದಿಯಿಂದ ಉದ್ದಕ್ಕೆ ಗೀರಿ ಬೆರಳು ತೂರಿಸಿದರೆ ಅದು ಪಟ್ಟಿಯಾಗಿ ಸುಲಿದು ಬರುತ್ತದೆ. ವಿಷ ಹೆಚ್ಚಿರುವುದು ಈ ಪದರದಲ್ಲಿ. ಮರಗೆಣಸಿನಲ್ಲಿ ಲಿನಮರಿನ್ ಎಂಬ ವಸ್ತುವಿದೆ. ಹೆಚ್ಚಿದಾಗ ಗೆಣಸಿನೊಳಗಿನದೇ ಒಂದು ಕಿಣ್ವ ಅದರ ಮೇಲೆ ಕೆಲಸ ಮಾಡಿ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಹೆಸರು ಕೇಳಿ ಹೆದರಬೇಕಿಲ್ಲ. ಅದು ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಆವಿಯಾಗುವಂಥದ್ದು, ನೀರಿನಲ್ಲೂ ಕರಗುತ್ತದೆ. ಆದ್ದರಿಂದಲೇ ಹಳಬರ ಕ್ರಮ ಹೀಗೆ: ಸಣ್ಣಗೆ ಹೆಚ್ಚು, ಮುಳುಗಿ ಮಿಗುವಷ್ಟು ನೀರು ಹಾಕು, ಮುಚ್ಚಳ ತೆಗೆದಿಟ್ಟು ಬೇಯಿಸು, ನೀರು ಬಸಿದು ಚೆಲ್ಲು. ಕುದಿವ ನೀರಿಗೆ ಹಾಕುವ ಬದಲು ತಣ್ಣೀರಿನಲ್ಲೇ ಒಲೆಗಿಟ್ಟರೆ ಕಿಣ್ವಕ್ಕೆ ಕೆಲಸ ಮುಗಿಸಲು ಹೊತ್ತು ಸಿಗುತ್ತದೆ. ಕುಕ್ಕರ್ ಇದಕ್ಕೆ ಆಗದು. ಆವಿ ಒಳಗೇ ಉಳಿಯುತ್ತದೆ, ಮೂರನೇ ಸೀಟಿಗೆ ಗೆಣಸು ಅಂಟಾಗುತ್ತದೆ. ಹಸಿಯಾಗಿ ತಿನ್ನುವುದಂತೂ ಸಲ್ಲ. ಬೆಂದ ಮೇಲೂ ಕಹಿ ಹತ್ತಿದರೆ ಮುಲಾಜಿಲ್ಲದೆ ಎಸೆಯಬೇಕು.

ಹೋಳು ಮುಕ್ಕಾಲು ಬೆಂದಾಗ ಉಪ್ಪು. ಹಲವರು ವ್ರತಕ್ಕೆಂದು ಸೈಂಧವ ಲವಣ ಇಟ್ಟುಕೊಳ್ಳುತ್ತಾರೆ. ಬಸಿದ ಹೋಳನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ಹಸಿ ಆರಿ ಅಂಚು ಹುಡಿಹುಡಿಯಾಗುತ್ತದೆ. ನಡುವಿನ ದಾರದಂಥ ನಾರನ್ನು ಆಗಲೇ ಎಳೆದುಬಿಡಬೇಕು.

ಅರ್ಧ ಕಿಲೋ ಗೆಣಸಿಗೆ ಅರ್ಧ ಕಡಿ ತೆಂಗಿನಕಾಯಿ, ಮೂರು ನಾಲ್ಕು ಕಾಯಿಮೆಣಸು, ಒಂದು ಚಮಚ ಜೀರಿಗೆ. ಇವನ್ನು ನೀರು ಹಾಕದೆ ತರಿತರಿಯಾಗಿ ಜಜ್ಜಬೇಕು. ಮಿಕ್ಸಿಯಲ್ಲಾದರೆ ಎರಡು ಸುತ್ತು, ಮೂರನೆಯದು ಬೇಡ. ಹಿತ್ತಲಲ್ಲಿ ಗಾಂಧಾರಿ ಮೆಣಸಿದ್ದರೆ ಕಾಯಿಮೆಣಸೇಕೆ? ಬಾಣಲೆಯಲ್ಲಿ ತೆಂಗಿನೆಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದ ಮೇಲೆ ಕರಿಬೇವು, ಚಿಟಿಕೆ ಅರಸಿನ, ಬೆನ್ನಿಗೇ ಗೆಣಸು. ಉದ್ದಿನಬೇಳೆಗೆ ಈ ದಿನ ರಜೆ. ಇಂಗಿನ ವಿಷಯದಲ್ಲಿ ಎಷ್ಟೋ ಮಂದಿ ಎಡವುತ್ತಾರೆ: ಅಂಗಡಿಯ ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಯದೋ ಅಕ್ಕಿಯದೋ ಹಿಟ್ಟು ಬೆರೆತಿರುತ್ತದೆ, ಕಟ್ಟುನಿಟ್ಟಿನವರಿಗೆ ಅದು ನಡೆಯದು. ಜಜ್ಜಿದ ಕಾಯಿಯನ್ನು ಕೊನೆಗೆ ಸೇರಿಸಿ ಮೆಲ್ಲಗೆ ಮಗುಚಿ, ತೆಂಗಿನಕಾಯಿಯ ಹಸಿ ವಾಸನೆ ಹೋಗುತ್ತಿದ್ದಂತೆ ಇಳಿಸಿದರಾಯಿತು. ಹೆಚ್ಚು ಹುರಿದರೆ ಪಲ್ಯ ಗಂಟಲಿಗೆ ಒತ್ತುತ್ತದೆ. ಪಕ್ಕಕ್ಕೆ ಮಜ್ಜಿಗೆ ಬೇಕೇ ಬೇಕು.

ಕೊಂಕಣಿ ಮನೆಗಳ ಉಪ್ಕರಿಯಲ್ಲಿ ಕಾಯಿಮೆಣಸಿನ ಬದಲು ಒಣಮೆಣಸನ್ನು ಮುರಿದು ಒಗ್ಗರಣೆಗೆ ಹಾಕುತ್ತಾರೆ, ಕಾಯಿತುರಿಯನ್ನು ಜಜ್ಜದೆ ಮೇಲೆ ಉದುರಿಸುತ್ತಾರೆ. ಖಾರ ಬೇಡದವರು ಬರೀ ಬೇಯಿಸಿ ಬೆಲ್ಲ-ಕಾಯಿ ಕೂಡಿಸಿಕೊಳ್ಳುತ್ತಾರೆ. ನನ್ನ ಮತ ಮೊದಲಿನದಕ್ಕೇ.

ಮರಗೆಣಸು ಬೇಡ, ಸಾಬಕ್ಕಿ ಸಾಕು ಎನ್ನುವವರೂ ತಿನ್ನುವುದು ಇದನ್ನೇ. ತಮಿಳುನಾಡಿನ ಸೇಲಂ ಸುತ್ತ ಯುದ್ಧಕಾಲದಲ್ಲಿ ಬೇರೂರಿದ ಸಾಬಕ್ಕಿ ಉದ್ಯಮಕ್ಕೆ ಮರಗೆಣಸಿನ ಪಿಷ್ಟವೇ ಬಂಡವಾಳ. ಬೇಯಿಸಿದ ಗೆಣಸು 100 ಗ್ರಾಂಗೆ ಸುಮಾರು 160 ಕ್ಯಾಲರಿ ಕೊಡುತ್ತದೆ, ಪ್ರೋಟೀನ್ ಒಂದೂವರೆ ಗ್ರಾಮೂ ಇಲ್ಲ. ಸಕ್ಕರೆ ಕಾಯಿಲೆಯವರು ಉಪವಾಸವೆಂಬ ಧೈರ್ಯದಲ್ಲಿ ಎರಡನೇ ಸಲ ಬಡಿಸಿಕೊಳ್ಳಬಾರದು.

ತೊಡಕಿರುವುದು ಋತುವಿನದು. ಒಳ್ಳೆಯ ಮರಗೆಣಸು ಸಿಗುವುದು ಮಳೆ ಬಿಟ್ಟ ಮೇಲೆ, ಡಿಸೆಂಬರಿನಿಂದ ಶಿವರಾತ್ರಿಯವರೆಗೆ. ಸೋಣ ಶನಿವಾರ, ಅಷ್ಟಮಿಗಳು ಬೀಳುವುದೋ ಮಳೆಗಾಲದಲ್ಲಿ. ಆಗ ನೆಲದಲ್ಲುಳಿದ ಗೆಣಸು ಹಿಟ್ಟು ಕಳೆದುಕೊಂಡು ನೀರಾಗಿರುತ್ತದೆ. ಅದಕ್ಕೆಂದೇ ಬೇಸಗೆಯ ಬಿಸಿಲಿನಲ್ಲಿ ಹಪ್ಪಳ. ಬೆಂದ ಗೆಣಸನ್ನು ಉಪ್ಪು, ಮೆಣಸು, ಜೀರಿಗೆ ಹಾಕಿ ನುಣ್ಣಗೆ ಗುದ್ದಿ, ಉಂಡೆ ಮಾಡಿ ಒತ್ತಿ, ಚಾಪೆಯ ಮೇಲೆ ಒಣಗಿಸಿ ಡಬ್ಬಿಗೆ ತುಂಬಿಟ್ಟರೆ ಅಷ್ಟಮಿಗೆ ಕರಿಯಬಹುದು. ಅಂಗಡಿಯಿಂದ ತರುವವರು ಮಾತ್ರ ಪೊಟ್ಟಣದ ಹಿಂಬದಿ ಓದಿಯೇ ಕೊಳ್ಳುವುದು ಒಳಿತು. ಹಿಟ್ಟಿಗೆ ಅಕ್ಕಿ ಬೆರೆತಿದ್ದರೆ ಅದು ಧಾನ್ಯ ಬಿಟ್ಟ ವ್ರತಕ್ಕೆ ಸಲ್ಲದು.